ನೊಣಗಳ ಗಡಿಯಾರ, ಅಕ್ಕನ ಶಿಫ್ಟು

ಅಕ್ಕ ನಡುಮನೆಯ ನೆಲದ ಮೇಲೆ ಮಲಗಿದ್ದಳು. ಕಣ್ಣಿನ ಮೇಲೆ ಮಡಿಸಿದ ಕಪ್ಪು ದುಪಟ್ಟಾ, ಕಿವಿಯಲ್ಲಿ ಹತ್ತಿಯ ಉಂಡೆ. ಭಾನುವಾರ ಮಧ್ಯಾಹ್ನ. ಪಕ್ಕದ ಮನೆಯ ಪವರ್‌ಲೂಮು ಗೋಡೆ ನಡುಗುವಂತೆ ಬಡಿದುಕೊಳ್ಳುತ್ತಿತ್ತು. ಅವಿನಾಶಿ ಪಟ್ಟಣದ ಪಕ್ಕದ ನಮ್ಮೂರಿನ ಬೀದಿಯಲ್ಲಿ ಮಗ್ಗವಿಲ್ಲದ ಮನೆಯನ್ನು ಹುಡುಕಬೇಕು. ಆ ಸದ್ದಿನಲ್ಲೇ ನಾವಿಬ್ಬರೂ ತೊಟ್ಟಿಲಲ್ಲಿ ಮಲಗಿದವರು, ಅದರಿಂದ ನಿದ್ದೆ ಕೆಡುವ ಜಾತಿ ನಮ್ಮದಲ್ಲ.

ಭಾವ ಜಗಲಿಯಲ್ಲಿ ಪೇಪರು ಓದುತ್ತ ಕೂತಿದ್ದರು. ಕೊಯಮತ್ತೂರಿನಿಂದ ಬಂದು ಬಸ್ಸಿಳಿದ ನನ್ನನ್ನು ನೋಡಿ, "ಬಾ, ಬಾ. ನಿನ್ನ ಅಕ್ಕ ಇನ್ನೂ ಎದ್ದಿಲ್ಲ. ಹಗಲೆಲ್ಲ ಬಿದ್ಕೊಳ್ಳೋದಕ್ಕೆ ಶಿಫ್ಟು ಅಂತ ಒಂದು ಹೆಸರು ಸಿಕ್ಕಿದೆ" ಎಂದರು.

"ರಾತ್ರಿಯೆಲ್ಲ ನಿಂತು ಬಂದಿದಾಳೆ ಭಾವ."

"ಎಲ್ಲರೂ ನಿಲ್ತಾರೆ. ಇವಳಿಗೆ ಮಾತ್ರ ಆಗಲ್ಲ."

ಒಳಗಿನಿಂದ ಅಕ್ಕ ಮಾತಾಡಿದಳು. ದುಪಟ್ಟಾ ಕಣ್ಣಿನ ಮೇಲೆ ಹಾಗೇ ಇತ್ತು. "ನಿದ್ದೆ ಬಂದಿದ್ರೆ ನಿಮ್ಮ ಮಾತು ನಂಗೆ ಕೇಳ್ತಿತ್ತಾ?"

ಭಾವ ಪೇಪರು ಮಡಿಸಿ ಎದ್ದು ಹೋದರು. ನಾನು ಚೀಲವನ್ನು ಗೋಡೆಗೆ ಎಸೆದೆ. ಅದರೊಳಗೆ ಅಮ್ಮನಿಗೆಂದು ತಂದ ಸಪೋಟಾ ಇತ್ತು. ಅದೂ ಜಜ್ಜಿಹೋಯಿತು.

ನಮ್ಮದು ಕೋವೈ, ಅಂದರೆ ಕೊಯಮತ್ತೂರು ಸೀಮೆಯ ನೇಕಾರ ಕನ್ನಡದ ಮನೆ. ಮಾತು ಕನ್ನಡ, ಓದು ತಮಿಳು. ನಾನು ಮೈಸೂರಿನಲ್ಲಿ ಎಂ.ಎಸ್ಸಿ. ಓದುವಾಗ ಹಾಸ್ಟೆಲಿನ ಗೆಳತಿಯೊಬ್ಬಳು ಕನ್ನಡದ ಅಕ್ಷರ ತಿದ್ದಿಸಿದಳು. ಮನೆಯಲ್ಲಿ ಈ ಲಿಪಿ ಓದಬಲ್ಲವಳು ನಾನೊಬ್ಬಳೇ. ಈ ಬರಹದ ಮುಖ್ಯ ವ್ಯಕ್ತಿಯಾದ ಅಕ್ಕನಿಗೆ ಇದನ್ನು ಓದಲು ಬರುವುದಿಲ್ಲ. ನಾನೇ ಓದಿ ಹೇಳಬೇಕು. ಹೇಳಿದರೆ ಕೇಳುತ್ತಾಳೋ ಇಲ್ಲವೋ ಗೊತ್ತಿಲ್ಲ.

ಅಕ್ಕ ಊರಾಚೆಯ ನೂಲಿನ ಗಿರಣಿಯಲ್ಲಿ ಕೆಲಸಕ್ಕಿದ್ದಳು. ಸಾಲಾಗಿ ತಿರುಗುತ್ತ ನೂಲು ಸುತ್ತುವ ಕದಿರುಗಳ ನಡುವೆ ನಡೆಯುತ್ತ, ಎಲ್ಲಿ ಎಳೆ ಹರಿಯಿತೋ ಅಲ್ಲಿ ಬೆರಳಿನಿಂದ ಸೇರಿಸುತ್ತ ಹೋಗುವ ಕೆಲಸ. ಅವಳ ಬೆರಳು ಬಹಳ ಚುರುಕು. ಅಪ್ಪ ಬದುಕಿದ್ದಾಗ ಕೈಮಗ್ಗಕ್ಕೆ ಹಾಸಿನ ಎಳೆ ಹೂಡಿಕೊಡುತ್ತಿದ್ದವಳೂ ಅವಳೇ. ಮಗಳು ಶಾಲೆಗೆ ಸೇರಿದ ಮೇಲೆ, ಯಾರೂ ಹೇಳದೆ, ತಾನೇ ಹೋಗಿ ಮಿಲ್ಲಿನಲ್ಲಿ ಕೆಲಸ ಕೇಳಿ ಸೇರಿದ್ದಳು. ಮೊದಮೊದಲು ಅವಳಿಗೆ ಅಲ್ಲಿ ಬಹಳ ಇಷ್ಟವಿತ್ತು. ಗೆಳತಿಯರು, ಕ್ಯಾಂಟೀನಿನ ಟೀ, ಬಸ್ಸಿನಲ್ಲಿ ಹಾಡು. "ಮನೇಲಿ ನಾನು ಯಾರೋ ಒಬ್ಬರ ಏನೋ ಒಂದು. ಅಲ್ಲಿ ನಾನು ನಾನೇ" ಎಂದು ಒಮ್ಮೆ ಹೇಳಿದ್ದಳು.

ಆಗ ಬೆಳಗಿನ ಶಿಫ್ಟು ಮಾತ್ರ ಕೊಡುತ್ತಿದ್ದರು. ಆಮೇಲೆ ಹೊಸ ಮ್ಯಾನೇಜರು ಬಂದರು. ಎಲ್ಲರಿಗೂ ಮೂರೂ ಶಿಫ್ಟು, ವಾರಕ್ಕೊಂದು. ಈ ವಾರ ರಾತ್ರಿ, ಮುಂದಿನ ವಾರ ಮಧ್ಯಾಹ್ನ, ಅದರ ಮುಂದಿನ ವಾರ ಬೆಳಗ್ಗೆ, ಮತ್ತೆ ರಾತ್ರಿ. ಮೈ ಒಂದಕ್ಕೆ ಒಗ್ಗುವ ಹೊತ್ತಿಗೆ ಇನ್ನೊಂದು ಬಂದಿರುತ್ತಿತ್ತು.

ಒಂದು ವರ್ಷದೊಳಗೆ ಅಕ್ಕ ಗುರುತು ಸಿಗದಷ್ಟು ಬದಲಾದಳು. ತಮಿಳಿನಲ್ಲಿ ನಿದ್ದೆಗೆ ತೂಕ್ಕಂ ಎನ್ನುತ್ತಾರೆ. ಅವಳು ಆ ತೂಕ್ಕವನ್ನೂ ಕಳೆದುಕೊಂಡಳು, ನಮ್ಮ ಕನ್ನಡದ ತೂಕವನ್ನೂ ಕಳೆದುಕೊಂಡಳು. ರವಿಕೆಗಳು ಜೋತಾಡುತ್ತಿದ್ದವು. ಒಲೆಯ ಮೇಲೆ ಬೇಳೆ ಇಟ್ಟು ಮರೆಯುವಳು. ಬಸ್ಸಿನಲ್ಲಿ ನಿಂತೇ ತೂಕಡಿಸಿ, ಇಳಿಯುವ ಸ್ಟಾಪು ದಾಟಿ ತಿರುಪ್ಪೂರಿನ ತನಕ ಹೋಗಿ, ಅಲ್ಲಿಂದ ಅಳುತ್ತ ಫೋನು ಮಾಡಿದ್ದಳು. ಮಗಳಿಗೆ ಎಂದೂ ಗದರದಿದ್ದವಳು ಒಂದು ದಿನ ಜಡೆ ಹಾಕುವಾಗ ಬಾಚಣಿಗೆಯಿಂದ ಹೊಡೆದಳು. ಮಗು ಅಂದಿನಿಂದ ಅಜ್ಜಿಯ ಹತ್ತಿರವೇ ಜಡೆ ಹಾಕಿಸಿಕೊಳ್ಳತೊಡಗಿತು.

ಒಬ್ಬ ಡಾಕ್ಟರು ಶಕ್ತಿಯ ಮಾತ್ರೆ ಬರೆದರು. ಇನ್ನೊಬ್ಬರು ಅವಳ ಮುಖವನ್ನೂ ನೋಡದೆ, "ತುಂಬಾ ಯೋಚನೆ ಮಾಡ್ತೀಯಮ್ಮ, ಮೊಬೈಲು ಕಡಿಮೆ ನೋಡು" ಎಂದು ಕಳಿಸಿದರು. ದಾಯಾದಿ ಮನೆಯ ಅತ್ತೆಯೊಬ್ಬರು ದೃಷ್ಟಿ ತೆಗೆದರು. ಅಮ್ಮ ಚೌಡೇಶ್ವರಿಗೆ ಹರಕೆ ಹೊತ್ತಳು. ಎಲ್ಲರೂ ಅಕ್ಕನನ್ನೇ ವಿಚಾರಿಸಿದರು. ಯಾಕೆ ತಿನ್ನಲ್ಲ, ಯಾಕೆ ಮಲಗಲ್ಲ, ಯಾಕೆ ಸಿಡುಕುತ್ತೀಯ. ಮಿಲ್ಲಿಗೆ ಹೋಗಿ ವಿಚಾರಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಇವೆಲ್ಲ ನಡೆಯುವಾಗ ನಾನು ಕೊಯಮತ್ತೂರಿನ ಒಂದು ಕಾಲೇಜಿನ ಲ್ಯಾಬಿನಲ್ಲಿ ಸಂಶೋಧನೆ ಮಾಡುತ್ತಿದ್ದದ್ದು ಬೇರೇನನ್ನೂ ಅಲ್ಲ, ನಿದ್ದೆ ಮತ್ತು ಎಚ್ಚರದ ಗಡಿಯಾರವನ್ನೇ. ಅಕ್ಕನದಲ್ಲ, ಹಣ್ಣಿನ ನೊಣದ್ದು. ಉಕ್ಕಡಂ ಮಾರ್ಕೆಟ್ಟಿನಲ್ಲಿ ಕಳಿತ ಬಾಳೆಗೊನೆಯ ಮೇಲೆ ಮುಕುರುತ್ತದಲ್ಲ, ಎಳ್ಳಿಗಿಂತ ಸ್ವಲ್ಪ ದೊಡ್ಡದು, ಕೆಂಪು ಕಣ್ಣು, ಅದು. ಒಂದೊಂದು ನೊಣಕ್ಕೂ ಒಂದೊಂದು ಸಣ್ಣ ಗಾಜಿನ ಕೊಳವೆ. ಒಂದು ತುದಿಯಲ್ಲಿ ಸಕ್ಕರೆ ಹಾಕಿದ ಆಹಾರ, ಇನ್ನೊಂದು ತುದಿಯಲ್ಲಿ ಹತ್ತಿ. ನೊಣ ಆಚೀಚೆ ಓಡಾಡಿದರೆ ಮಧ್ಯದ ಕಾಣದ ಬೆಳಕಿನ ಗೆರೆ ಕತ್ತರಿಸುತ್ತದೆ, ಕಂಪ್ಯೂಟರು ಬರೆದುಕೊಳ್ಳುತ್ತದೆ. ಯಾವಾಗ ಎದ್ದಿತು, ಯಾವಾಗ ಮಲಗಿತು ಎಲ್ಲವೂ ಗೊತ್ತಾಗುತ್ತದೆ.

ನೊಣದ ತಲೆಯಲ್ಲಿ ಹೊತ್ತು ನೋಡುವ ನರಕೋಶಗಳು ನೂರಕ್ಕೂ ಹೆಚ್ಚು. ಒಂದೊಂದಕ್ಕೂ ತನ್ನದೇ ಲಯ. ಅವುಗಳಲ್ಲಿ ಕೆಲವು ಕೋಶಗಳು ಪಿಡಿಎಫ್ ಎಂಬ ಒಂದು ಸಣ್ಣ ಪ್ರೋಟೀನು ತುಣುಕನ್ನು ಹೊರಬಿಡುತ್ತವೆ. ಮೊಬೈಲಿಗೆ ಬರುವ ಪಿಡಿಎಫ್‌ಗೂ ಇದಕ್ಕೂ ಸಂಬಂಧವಿಲ್ಲ, ಹೆಸರು ಮಾತ್ರ ಒಂದೇ. ಉಳಿದ ಕೋಶಗಳು ಅದನ್ನು ಹಿಡಿದು ತಮ್ಮ ಲಯವನ್ನು ಹೊಂದಿಸಿಕೊಳ್ಳುತ್ತವೆ. ಈ ತುಣುಕನ್ನು ಮಾಡಲಾರದ ನೊಣಗಳೂ ನಮ್ಮ ಲ್ಯಾಬಿನಲ್ಲಿದ್ದವು. ಬೆಳಕು ಹತ್ತುವ ಮೊದಲೇ ಏಳುವ ಅಭ್ಯಾಸ ಅವಕ್ಕೆ ಇರುವುದಿಲ್ಲ. ಪೂರ್ತಿ ಕತ್ತಲೆಯಲ್ಲಿಟ್ಟರೆ ಮೊದಲೊಂದೆರಡು ದಿನ ಸರಿಯಿದ್ದಂತೆ ಕಾಣುತ್ತವೆ, ಆಮೇಲೆ ಹೆಚ್ಚಿನವುಗಳ ನಿದ್ದೆಗೂ ಓಡಾಟಕ್ಕೂ ಹೊತ್ತುಗೊತ್ತು ಉಳಿಯುವುದಿಲ್ಲ. ಕೋಶಗಳು ಸತ್ತಿರುವುದಿಲ್ಲ. ಒಳಗೆ ಎಲ್ಲವೂ ನಡೆಯುತ್ತಲೇ ಇರುತ್ತವೆ, ಒಂದಕ್ಕೊಂದು ಸೇರುವುದಿಲ್ಲ, ಅಷ್ಟೆ.

ಆ ಗೆರೆಗಳನ್ನು ಕಂಪ್ಯೂಟರಿನಲ್ಲಿ ನೋಡುವಾಗೆಲ್ಲ ನನಗೆ ಅಕ್ಕನ ನೆನಪಾಗುತ್ತಿತ್ತು. ಸಿಟ್ಟು ಬರುತ್ತಿದ್ದದ್ದು ಇನ್ನೊಂದು ಸಂಗತಿಗೆ. ಯಾವುದೇ ಪ್ರಯೋಗಕ್ಕೂ ಮುಂಚೆ ನಾವು ನೊಣಗಳನ್ನು ಕೆಲವು ದಿನ ಸರಿಯಾದ ಬೆಳಕು ಕತ್ತಲೆಯಲ್ಲಿಟ್ಟು, ಅವು ಹೊಂದಿಕೊಂಡವು ಎಂದು ಗಟ್ಟಿ ಮಾಡಿಕೊಂಡೇ ಮುಂದುವರಿಯುತ್ತಿದ್ದೆವು. ಹೊಂದಿಕೊಳ್ಳದ ನೊಣವನ್ನು ಅಳೆದರೆ ಆ ಅಳತೆಗೆ ಬೆಲೆಯಿಲ್ಲ ಎಂದು ನಮ್ಮ ಗೈಡು ಸರ್ ಮೊದಲ ದಿನವೇ ಹೇಳಿಕೊಟ್ಟಿದ್ದರು. ಒಂದು ನೊಣಕ್ಕೆ ಸಿಗುವ ಈ ಮರ್ಯಾದೆ ನನ್ನ ಅಕ್ಕನಿಗೆ ಸಿಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಸರ್ ನನ್ನನ್ನು ಕೋಣೆಗೆ ಕರೆದರು. ಅವರೆದುರು ಇಸ್ತ್ರಿ ಅಂಗಿಯ ಒಬ್ಬರು ಕೂತಿದ್ದರು. ಅಕ್ಕನ ಮಿಲ್ಲಿನ ಮ್ಯಾನೇಜರು. ಶಿಫ್ಟು ಮುಗಿಯುವ ಹೊತ್ತಿಗೆ ಒಬ್ಬ ಹೆಂಗಸಿನ ಬೆರಳು ಯಂತ್ರಕ್ಕೆ ಸಿಕ್ಕಿ ತುಂಡಾಗಿತ್ತು. ಅಕ್ಕನಿಂದ ನನಗೆ ಅದು ಆಗಲೇ ತಿಳಿದಿತ್ತು. ಆ ಹೆಂಗಸು ಅಕ್ಕನ ಪಕ್ಕದ ಸಾಲಿನವಳು. ಮ್ಯಾನೇಜರು ಅದನ್ನು "ಒಂದು ಸಣ್ಣ ಇನ್ಸಿಡೆಂಟು" ಎಂದರು.

"ನಮ್ಮ ಲೇಡೀಸಿಗೆ ನಿದ್ದೆಯ ಬಗ್ಗೆ ಅರಿವು ಕಡಿಮೆ ಮೇಡಂ. ಹಗಲು ಮನೇಲಿ ಟಿವಿ ನೋಡ್ತಾರೆ, ಇಲ್ಲಿ ಬಂದು ತೂಕಡಿಸ್ತಾರೆ. ನೀವು ಇದೇ ಸಬ್ಜೆಕ್ಟು ಓದ್ತಿದೀರಂತೆ, ನಮ್ಮ ಕಡೆಯವರೂ ಅಂತೆ. ಒಂದು ಗಂಟೆ ಬಂದು ಮಾತಾಡಿ" ಎಂದು ತಮಿಳಿನಲ್ಲಿ ಕೇಳಿದರು.

ನಾನು ಬರುವುದಿಲ್ಲ ಎನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಸರ್, "ಖಂಡಿತ ಬರ್ತಾಳೆ" ಎಂದುಬಿಟ್ಟರು. ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು ಎಂದುಕೊಂಡೆ. ಹೋಗಿ ನಿಜ ಹೇಳುತ್ತೇನೆ, ಮ್ಯಾನೇಜರೂ ಅಲ್ಲೇ ಕೂತಿರುತ್ತಾರೆ, ಕೇಳಿಸಿಕೊಳ್ಳಲಿ.

ಮಿಲ್ಲಿನ ಕ್ಯಾಂಟೀನಿನಲ್ಲಿ ಕುರ್ಚಿ ಹಾಕಿದ್ದರು. ತಲೆಗೂದಲಿಗೆ ಹತ್ತಿಯ ಧೂಳು ಮೆತ್ತಿಕೊಂಡ ಹೆಂಗಸರು ಸಾಲಾಗಿ ಕೂತರು. ಅಕ್ಕ ಎರಡನೆಯ ಸಾಲಿನಲ್ಲಿದ್ದಳು. ತಂಗಿ ಮೈಕು ಹಿಡಿದು ನಿಂತದ್ದಕ್ಕೆ ಅವಳ ಮುಖದಲ್ಲಿ ಬಹಳ ದಿನಗಳ ನಂತರ ಒಂದು ಗೆಲುವು ಕಂಡಿತು. ಪಕ್ಕದವಳನ್ನು ಮೊಣಕೈಯಿಂದ ತಿವಿದು ನನ್ನನ್ನು ತೋರಿಸಿದಳು.

ನಾನು ನೊಣದ ಕಥೆ ಹೇಳಿದೆ. ತಲೆಯೊಳಗಿನ ಗಡಿಯಾರಗಳು, ಅವುಗಳ ನಡುವೆ ಓಡಾಡುವ ಆ ತುಣುಕು. ಶಿಫ್ಟಿಗೆ ಕೂಗುವ ಸೈರನ್ನಿಗೆ ನಮ್ಮ ಕಡೆ ಸಂಗು ಎನ್ನುತ್ತಾರೆ. "ಮಿಲ್ಲಿನ ಸಂಗು ಇದೆಯಲ್ಲ, ಅದು ಊದದೇ ಹೋದರೆ ನೀವು ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಬರ್ತೀರಿ. ತಲೆಯೊಳಗೂ ಹಾಗೇ ಒಂದು ಸಂಗು ಇದೆ" ಎಂದಾಗ ಹೆಂಗಸರು ನಕ್ಕರು. ಮನುಷ್ಯರ ತಲೆಯಲ್ಲಿ ಪಿಡಿಎಫ್ ಇಲ್ಲ, ಅದೇ ಬಗೆಯ ಕೆಲಸ ಮಾಡುವ ಇನ್ನೊಂದು ಇದೆ, ವಿಜ್ಞಾನಿಗಳು ಅದನ್ನು ವಿಐಪಿ ಎಂದು ಕರೆಯುತ್ತಾರೆ ಎಂದೆ. ಮ್ಯಾನೇಜರು ಕುರ್ಚಿಯಲ್ಲೇ ವಾಲಿ, "ನೋಡ್ರಮ್ಮ, ನಿಮ್ಮ ತಲೆಯಲ್ಲೂ ವಿಐಪಿ ಇದಾರಂತೆ" ಎಂದರು. ಮುಂದಿನ ಸಾಲಿನ ಮೇಸ್ತ್ರಿಗಳು ನಕ್ಕರು.

ನಾನು ನಗಲಿಲ್ಲ. "ನೊಣದ ಪೆಟ್ಟಿಗೆಯಲ್ಲಿ ನಾವು ಬೆಳಕಿನ ಹೊತ್ತು ಬದಲಾಯಿಸಿದರೆ ನೊಣ ಒಂದೆರಡು ದಿನದಲ್ಲಿ ಹೊಂದಿಕೊಳ್ಳುತ್ತದೆ, ಯಾಕೆಂದರೆ ಅದರ ಪಾಲಿಗೆ ಸೂರ್ಯನೂ ಬದಲಾಗಿರುತ್ತಾನೆ. ನೀವು ರಾತ್ರಿ ಶಿಫ್ಟು ಮುಗಿಸಿ ಗೇಟು ದಾಟಿದರೆ ಎದುರಿಗೆ ಹಳೆಯ ಸೂರ್ಯನೇ ಇರುತ್ತಾನೆ. ಮೈ ಯಾವುದನ್ನು ನಂಬಬೇಕು? ವಾರಕ್ಕೊಮ್ಮೆ ಹೀಗೆ ತಿರುಗಿಸಿದರೆ ಯಾರಿಗೂ ಒಗ್ಗುವುದಿಲ್ಲ. ನಿದ್ದೆ ಬರದಿರುವುದು ನಿಮ್ಮ ತಪ್ಪಲ್ಲ" ಎಂದೆ.

ಮ್ಯಾನೇಜರು ಎದ್ದು, ಬಹಳ ಮೃದುವಾಗಿ, ನನ್ನ ಕೈಯಿಂದ ಮೈಕು ತೆಗೆದುಕೊಂಡರು. "ಮೇಡಂ ಚೆನ್ನಾಗಿ ಹೇಳಿದರು. ರಾತ್ರಿ ಶಿಫ್ಟು ಯಾರ್ಯಾರಿಗೆ ನಿಜವಾಗಿ ಕಷ್ಟ ಆಗ್ತಿದೆ? ಹೆದರಬೇಡಿ. ಕೈ ಎತ್ತಿ."

ಯಾರೂ ಅಲುಗಲಿಲ್ಲ. ಅಕ್ಕ ನನ್ನ ಮುಖ ನೋಡಿದಳು. ತಂಗಿ ಇಲ್ಲೇ ಇದ್ದಾಳೆ, ತಂಗಿ ಹೇಳಿದ ಮೇಲೆ ಇವರು ಕೇಳುತ್ತಿದ್ದಾರೆ ಎಂಬ ನಂಬಿಕೆ ಅದರಲ್ಲಿತ್ತು. ಅವಳು ಕೈ ಎತ್ತಿದಳು. ಅವಳ ಹಿಂದೆ ಇನ್ನೊಬ್ಬಳು, ಆಮೇಲೆ ಮತ್ತೊಂದಿಷ್ಟು ಕೈಗಳು. ಮೇಸ್ತ್ರಿಗಳು ತಿರುಗಿ ತಿರುಗಿ ನೋಡಿದರು.

ಮುಂದಿನ ಸೋಮವಾರ ಕೈ ಎತ್ತಿದ ಹೆಂಗಸರನ್ನೆಲ್ಲ ಗೇಟಿನಲ್ಲೇ ನಿಲ್ಲಿಸಿದರು. ನಿಮ್ಮ ಆರೋಗ್ಯದ ಸಲುವಾಗಿಯೇ ಸದ್ಯಕ್ಕೆ ಮನೆಯಲ್ಲಿರಿ, ರಾತ್ರಿ ಕೆಲಸಕ್ಕೆ ಒಗ್ಗುವವರು ಸಾಕು, ಮೈ ಸರಿಯಾದ ಮೇಲೆ ಹೇಳಿ ಎಂದರಂತೆ. ಒಳಗೆ ಬಿಟ್ಟುಬಂದ ಊಟದ ಡಬ್ಬಿ ತೆಗೆದುಕೊಳ್ಳಲೂ ಬಿಡಲಿಲ್ಲವಂತೆ.

ಅಕ್ಕ ನನಗೆ ಫೋನು ಮಾಡಲಿಲ್ಲ, ಅಮ್ಮ ಮಾಡಿದಳು. ನಾನು ನೆಟ್ಟಗೆ ಸರ್ ಕೋಣೆಗೆ ಹೋದೆ. ಅವರು ನನ್ನನ್ನು ಕೂರಿಸಿಕೊಂಡು, ನಾನು ಬಾಯಿ ಬಿಡುವ ಮುಂಚೆಯೇ, ಒಂದು ಹೊಸ ಸುದ್ದಿ ಹೇಳಿದರು. ಮಿಲ್ಲಿನವರು ಕಾಲೇಜಿನ ಜೊತೆ ಸೇರಿ ಒಂದು ಪ್ರಾಜೆಕ್ಟು ಮಾಡುತ್ತಾರಂತೆ. ಕೆಲಸಗಾರರ ಎಂಜಲು ತೆಗೆದು ಪರೀಕ್ಷೆ ಮಾಡಿ, ಯಾರು ಹುಟ್ಟಿನಿಂದಲೇ ರಾತ್ರಿಗೆ ತಕ್ಕವರು, ಯಾರು ಅಲ್ಲ ಎಂದು ವಿಂಗಡಿಸುವುದು. ತಕ್ಕವರನ್ನೇ ಆರಿಸಿ ಕೆಲಸಕ್ಕೆ ಇಟ್ಟುಕೊಳ್ಳುವುದು.

"ನಿನ್ನ ಮಾತು ಕೇಳಿಯೇ ಅವರಿಗೆ ಈ ಐಡಿಯಾ ಬಂದದ್ದು" ಎಂದು ಸಂತೋಷದಿಂದ ಹೇಳಿದರು.

"ಸರ್, ಕೈ ಎತ್ತಿದವರನ್ನು ಮನೆಗೆ ಕಳಿಸಿದಾರೆ. ನನ್ನ ಅಕ್ಕನೂ ಅದರಲ್ಲಿದಾಳೆ."

"ಅದು ಅವರ ಆಡಳಿತ. ನಾವು ಅದರಲ್ಲಿ ತಲೆ ಹಾಕಬಾರದು."

"ನೊಣದಲ್ಲಿ ಒಂದು ತುಣುಕು ಏನು ಮಾಡುತ್ತದೆ ಅಂತ ಹುಡುಕೋದಕ್ಕೇ ನಮಗೆ ಇಷ್ಟು ವರ್ಷ ಹಿಡಿದಿದೆ. ಎಂಜಲು ನೋಡಿ ಒಬ್ಬ ಹೆಂಗಸು ಜೀವನವಿಡೀ ರಾತ್ರಿ ನಿಲ್ಲಬಹುದು ಅಂತ ಬರೆದುಕೊಡೋಕೆ ನಮಗೆ ಗೊತ್ತಿದೆಯಾ ಸರ್?"

"ಗೊತ್ತಿಲ್ಲದ್ದನ್ನು ತಿಳಿಯೋದಕ್ಕೇ ಸಂಶೋಧನೆ" ಎಂದರು ಸರ್. ಅವರ ದನಿ ಏರಲಿಲ್ಲ, ಅವರದ್ದು ಎಂದೂ ಏರುವುದಿಲ್ಲ. "ನೀನು ಮನೆಯ ಕಷ್ಟವನ್ನೂ ಲ್ಯಾಬನ್ನೂ ಬೆರೆಸ್ತಿದೀಯ. ನಮ್ಮದು ವಿಜ್ಞಾನ, ಯೂನಿಯನ್ ಅಲ್ಲ."

ನಾನು ಎದ್ದು ಬಂದೆ. ಬಾಗಿಲು ಬಡಿದೆ. ಆ ಬಾಗಿಲಿಗೆ ಮೇಲೆ ತಾನಾಗಿ ಮುಚ್ಚಿಸುವ ಯಂತ್ರವಿತ್ತು, ಎಷ್ಟು ಬಡಿದರೂ ನಿಧಾನವಾಗಿ ಸದ್ದಿಲ್ಲದೆ ಮುಚ್ಚಿಕೊಂಡಿತು. ಅದಕ್ಕೂ ಸಿಟ್ಟು ಬಂತು.

ಊರಿಗೆ ಹೋದಾಗ ಅಕ್ಕ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ನನ್ನನ್ನು ನೋಡಿ ನಿಲ್ಲಿಸಲಿಲ್ಲ.

"ಅಕ್ಕ, ನಾನು..."

"ನಾನು ನಿನಗೆ ಹೇಳಿದ್ನಾ, ಬಂದು ಮಾತಾಡು ಅಂತ?"

"ನಾನು ನಿಜ ಹೇಳಿದೆ."

"ನಿಜ ಹೇಳಿ ನೀನು ಬಸ್ಸು ಹತ್ತಿದೆ. ನನ್ನ ಕೆಲಸ ಹೋಯ್ತು. ಅವರು ಕಷ್ಟ ಕೊಟ್ರು, ಸರಿ. ಆದ್ರೆ ಆ ಕೆಲಸ ನಂದು. ನಂಗೆ ಶಿಫ್ಟು ಬೇಡ ಅಂದೆ, ಕೆಲಸ ಬೇಡ ಅಂದ್ನಾ?" ಅವಳು ಭಾವನ ಲುಂಗಿಯನ್ನು ಕಲ್ಲಿಗೆ ಬಡಿದ ರೀತಿಗೆ ನೀರು ನನ್ನ ಮುಖಕ್ಕೆ ಹಾರಿತು. "ಈಗ ನಿನ್ನ ಭಾವನಿಗೆ ಖುಷಿ. ಮನೇಲೇ ಬಿದ್ದಿರು ಅಂತಾರೆ."

ನನ್ನ ಸಿಟ್ಟಿಗೆ ಒಂದು ದಿಕ್ಕಿತ್ತು, ಅವಳದಕ್ಕೆ ಹಲವು. ಅದರಲ್ಲಿ ಒಂದು ನಾನು.

ಆ ವಾರದಲ್ಲೇ ಅಕ್ಕ ಉಳಿದ ಹೆಂಗಸರ ಮನೆಗಳಿಗೆ ಒಬ್ಬಳೇ ಹೋಗಿ ಬಂದಳು. ಬೆರಳು ಕಳೆದುಕೊಂಡವಳ ಮನೆಗೂ ಹೋದಳು. ಎಲ್ಲರೂ ಸೇರಿ ಬೆಳಗಿನ ಶಿಫ್ಟಿನ ಹೊತ್ತಿಗೆ ಗೇಟಿನ ಮುಂದೆ ನಿಲ್ಲುವುದೆಂದು ಮಾತಾಯಿತು. ನನಗೆ ಹೇಳಿದ್ದು ಅಮ್ಮ. ನಾನೂ ಹೋದೆ. ಅಕ್ಕ ನನ್ನನ್ನು ನೋಡಿ, "ಬಂದಿದೀಯಾ, ನಿಂತ್ಕೋ. ನಾನು ಹೇಳೋವರೆಗೂ ಮಾತಾಡ್ಬೇಡ" ಎಂದಳು.

ಅವರು ಕೂಗಲಿಲ್ಲ. ಬೇವಿನ ಮರದ ಕೆಳಗೆ, ಕೆಲಸಕ್ಕೆ ಬರುವಾಗ ಹಾಕುವ ಮೇಲಂಗಿಯನ್ನೇ ಹಾಕಿಕೊಂಡು, ಬ್ಯಾಗು ಹಿಡಿದು ನಿಂತರು. ಬಸ್ಸಿನಿಂದ ಇಳಿದ ಬೇರೆ ಹೆಂಗಸರು ಒಳಗೆ ಹೋಗುವಾಗ ಇವರನ್ನು ನೋಡಿ ತಡವರಿಸಿದರು. ಕೆಲವರು ಇವರ ಪಕ್ಕದಲ್ಲೇ ನಿಂತುಬಿಟ್ಟರು. ಅದು ಬೇಗ ನೂಲು ಕಳಿಸಬೇಕಾದ ಕಾಲ, ತಿರುಪ್ಪೂರಿನ ಬನಿಯನ್ ಕಂಪನಿಗಳಿಂದ ಲಾರಿಗಳು ಬಂದು ಕಾಯುತ್ತಿದ್ದವು. ಒಳಗೆ ಯಂತ್ರಗಳಿಗೆ ಕೈ ಸಾಲುತ್ತಿರಲಿಲ್ಲ.

ಸ್ವಲ್ಪ ಹೊತ್ತಿಗೆ ಮ್ಯಾನೇಜರು ಹೊರಗೆ ಬಂದರು. ಸಿಡುಕಲಿಲ್ಲ. ನನ್ನನ್ನು ಕಂಡು ಅವರಿಗೆ ಒಂದು ದಾರಿ ಹೊಳೆದಂತಾಯಿತು.

"ಮೇಡಂ, ನೀವೇ ಬಂದದ್ದು ಒಳ್ಳೆಯದಾಯ್ತು. ಇವರಿಗೆ ರಾತ್ರಿ ಆಗಲ್ಲ ಅಂತ ನಿಮ್ಮ ಮುಂದೇ ಒಪ್ಪಿಕೊಂಡ್ರು. ನಾಳೆ ಏನಾದ್ರೂ ಆದ್ರೆ ನನ್ನ ತಲೆಗೆ ಬರುತ್ತೆ. ಇವರೆಲ್ಲ ಮೂರೂ ಶಿಫ್ಟಿಗೆ ಫಿಟ್ ಅಂತ ನೀವು ಒಂದು ಮಾತು ಹೇಳಿ, ಎಲ್ಲರೂ ಕೇಳೋ ಹಾಗೆ. ಈಗಲೇ ಒಳಗೆ ಕಳಿಸ್ತೀನಿ."

ಹೆಂಗಸರೆಲ್ಲ ನನ್ನತ್ತ ತಿರುಗಿದರು. ಅಕ್ಕನೂ ತಿರುಗಿದಳು. ಅವಳ ಕಣ್ಣು, ಹೇಳು, ಎನ್ನುತ್ತಿತ್ತು. ಒಂದು ಮಾತು. ಅವಳಿಗೆ ಕೆಲಸ ಸಿಗುತ್ತದೆ. ಮುಂದೊಂದು ದಿನ ಇನ್ನೊಂದು ಬೆರಳು ಹೋದರೆ, ವಿಜ್ಞಾನದ ಮೇಡಂ ಹೇಳಿದ್ದರಲ್ಲ ಎಂದು ಇದೇ ಮನುಷ್ಯ ಇದೇ ಗೇಟಿನಲ್ಲಿ ನಿಂತು ಹೇಳುತ್ತಾನೆ. ಅಷ್ಟು ಕೋಪ ನನಗೆ ಆ ಮೊದಲು ಬಂದಿರಲಿಲ್ಲ.

"ನಾನು ಹೇಳಲ್ಲ" ಎಂದೆ. "ಇವರು ಸರಿಯಾಗೇ ಇದಾರೆ. ನಿಮ್ಮ ಶಿಫ್ಟು ಸರಿಯಿಲ್ಲ. ಅದಕ್ಕೆ ಫಿಟ್ ಆಗೋ ಮೈಯನ್ನು ನಾನು ನೋಡಿಲ್ಲ, ನೀವೂ ನೋಡಿರಲ್ಲ. ನೀವು ಯಾವತ್ತು ಮೂರು ಶಿಫ್ಟು ಮಾಡಿದೀರಿ?"

ಮ್ಯಾನೇಜರು ಕೈ ಚೆಲ್ಲಿದರು. "ಸರಿ, ನೋಡ್ರಮ್ಮ. ನಿಮ್ಮವರೇ ಹೇಳಲ್ಲ ಅಂತಾರೆ. ನಾನೇನು ಮಾಡಲಿ?" ಎಂದು ಒಳಗೆ ಹೊರಟರು.

ಆಗ ಅಕ್ಕ ಮುಂದೆ ಬಂದಳು. ನನ್ನನ್ನು ದಾಟಿ ಹೋಗುವಾಗ ಅವಳ ಭುಜ ನನಗೆ ತಾಗಿತು. ತಾಗಿದ್ದಲ್ಲ, ತಳ್ಳಿದ್ದೇ ಇರಬೇಕು.

"ಸಾರ್, ನಿಲ್ಲಿ. ಅವಳು ಹೇಳಲ್ಲ, ಬಿಡಿ. ನಾನು ಹೇಳ್ತೀನಿ. ವಾರ ವಾರ ಶಿಫ್ಟು ಬದಲಾಯಿಸ್ಬೇಡಿ. ತಿಂಗಳಿಗೆ ಒಂದು ಶಿಫ್ಟು ಕೊಡಿ. ರಾತ್ರಿ ಆದ್ರೆ ತಿಂಗಳು ಪೂರ್ತಿ ರಾತ್ರಿ, ಮನೇಲೂ ಅದಕ್ಕೆ ತಕ್ಕ ಹಾಗೆ ಹೇಳಿಟ್ಕೋತೀವಿ. ಅದು ಮುಗಿದ ಮೇಲೆ ಎರಡು ದಿನ ಬಿಟ್ಟು ಬೆಳಗ್ಗೆ ಶಿಫ್ಟಿಗೆ ಬರ್ತೀವಿ. ಇದಕ್ಕೆ ಒಪ್ಪಿದ್ರೆ ಈಗ ಒಳಗೆ ಬರ್ತೀವಿ. ಇಲ್ದಿದ್ರೆ ಇವರೂ ಬರಲ್ಲ" ಎಂದು ಪಕ್ಕದಲ್ಲಿ ಬಂದು ನಿಂತ ಹೊಸಬರತ್ತ ಕೈ ತೋರಿಸಿದಳು.

ಅಕ್ಕ ತಮಿಳಿನಲ್ಲಿ ಮಾತಾಡಿದ್ದಳು. ನಮ್ಮ ಮನೆಯ ಕನ್ನಡದಲ್ಲಿ ಅವಳು ಅಷ್ಟು ಹೊತ್ತು ಒಂದೇ ಸಮ ಮಾತಾಡಿದ್ದನ್ನು ನಾನು ಕೇಳಿಲ್ಲ.

ಮ್ಯಾನೇಜರು ಲಾರಿಗಳತ್ತ ನೋಡಿದರು. ಒಳಗೆ ಹೋಗಿ ಯಾರಿಗೋ ಫೋನು ಮಾಡಿ ಬಂದರು. ತಿಂಗಳಿಗೊಂದು ಶಿಫ್ಟು ಸರಿ, ನಡುವೆ ಎರಡು ದಿನ ರಜೆ ಆಗುವುದಿಲ್ಲ, ಒಂದು ದಿನ ಎಂದರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಒಳಗೆ ಹೋದರು. ಬೆರಳು ಕಳೆದುಕೊಂಡವಳನ್ನು ಸೇರಿಸಿಕೊಳ್ಳಲಿಲ್ಲ. ಅವಳು ಮರದ ಕೆಳಗೇ ನಿಂತಿದ್ದಳು. ನಾನೂ ಅವಳೂ ಒಂದೇ ಬಸ್ಸಿನಲ್ಲಿ ವಾಪಸು ಬಂದೆವು. ದಾರಿಯುದ್ದಕ್ಕೂ ಅವಳು ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದಳು.

ಆ ದಿನ ಅಕ್ಕ ಮನೆಗೆ ಬಂದ ಮೇಲೆ ನನ್ನನ್ನು ಕೇಳಿದಳು, "ಒಂದು ಸುಳ್ಳು ಹೇಳಿದ್ರೆ ನಿನಗೆ ಏನಾಗ್ತಿತ್ತು?"

"ನಿನಗೆ ಆಗ್ತಿತ್ತು ಅಕ್ಕ."

"ನಂಗೆ ಆಗೋದನ್ನ ನಾನು ನೋಡ್ಕೋತೀನಿ. ನನ್ನ ಪರವಾಗಿ ಮಾತಾಡೋ ಮುಂಚೆ ನನ್ನ ಒಂದು ಮಾತು ಕೇಳು."

ಆಮೇಲೆ ಬಹಳ ವಾರ ಅವಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ನಾನೂ ಮೆತ್ತಗಾಗಲಿಲ್ಲ. ಅಮ್ಮ ಇಬ್ಬರ ನಡುವೆ ತಟ್ಟೆ ಇಟ್ಟು, ಇಬ್ಬರಿಗೂ ಬೈದು, ಊಟ ಬಡಿಸುತ್ತಿದ್ದಳು.

ಸರ್ ಪ್ರಾಜೆಕ್ಟು ನಡೆಸಿದರು. ಅದರಿಂದ ನನ್ನ ಹೆಸರು ತೆಗೆಸಿದೆ. ಅವರು ಬೇಸರದಿಂದಲೇ ಒಪ್ಪಿದರು, ಆಮೇಲೆ ನನ್ನ ಬರಹಗಳನ್ನು ಓದಿ ಕೊಡಲು ತಿಂಗಳುಗಟ್ಟಲೆ ತೆಗೆದುಕೊಳ್ಳತೊಡಗಿದರು. ಎಂಜಲು ಪರೀಕ್ಷೆಯಿಂದ ಏನೂ ಹೊರಬೀಳಲಿಲ್ಲ, ಅದು ಸದ್ದಿಲ್ಲದೆ ನಿಂತುಹೋಯಿತು. ಆದರೆ ಕಾಲೇಜಿನ ಒಂದು ಸಭೆಯಲ್ಲಿ ಅದೇ ಮ್ಯಾನೇಜರು ವೇದಿಕೆ ಹತ್ತಿ, ತಮ್ಮ ಮಿಲ್ಲಿನಲ್ಲಿ ವೈಜ್ಞಾನಿಕ ಶಿಫ್ಟು ಪದ್ಧತಿ ತಂದಿದ್ದೇವೆ, ಇದಕ್ಕೆ ಕಾಲೇಜಿನ ಮಾರ್ಗದರ್ಶನವಿದೆ ಎಂದರು. ಸರ್ ಪಕ್ಕದಲ್ಲಿ ಕೂತು ತಲೆಯಾಡಿಸಿದರು. ನಾನು ಹಿಂದಿನ ಸಾಲಿನಲ್ಲಿದ್ದೆ. ಆ ಪದ್ಧತಿ ತಂದದ್ದು ಬೇವಿನ ಮರದ ಕೆಳಗೆ ನಿಂತ ಹೆಂಗಸರು ಎಂದು ಎದ್ದು ಹೇಳಿದೆ. ಜನ ತಿರುಗಿ ನೋಡಿದರು. ಯಾರೋ ಒಬ್ಬರು, ಪ್ರಶ್ನೆಗೆ ಆಮೇಲೆ ಅವಕಾಶವಿದೆ, ಕೂತುಕೊಳ್ಳಿ ಎಂದರು. ಆಮೇಲೆ ಊಟವಾಯಿತು.

ಅಕ್ಕನಿಗೆ ತಿಂಗಳ ಶಿಫ್ಟಿನಿಂದ ಸ್ವಲ್ಪ ಸಲೀಸಾಯಿತು. ಪೂರ್ತಿ ಅಲ್ಲ. ರಾತ್ರಿಯ ತಿಂಗಳು ಬಂದರೆ ಈಗಲೂ ಊಟ ಸೇರುತ್ತಿರಲಿಲ್ಲ. ಮರುವರ್ಷ ಅವಳು ಮಿಲ್ಲು ಬಿಟ್ಟು ತಿರುಪ್ಪೂರಿನ ಬನಿಯನ್ ಕಂಪನಿಯೊಂದಕ್ಕೆ ಹೊಲಿಗೆಗೆ ಸೇರಿದಳು. ಬೆಳಗ್ಗೆ ಹೋಗಿ ಸಂಜೆ ಬರುವ ಕೆಲಸ. ಯಾರನ್ನೂ ಕೇಳಲಿಲ್ಲ, ನನ್ನನ್ನಂತೂ ಕೇಳಲೇ ಇಲ್ಲ. ನಿದ್ದೆ ನಿಧಾನವಾಗಿ ಮರಳಿತು. ಮೈ ತುಂಬಿಕೊಂಡಿತು. ಭಾವ ಈಗ, ನನ್ನ ಹೆಂಡತಿ ಬಹಳ ಗಟ್ಟಿ ಎಂದು ಬೀದಿಯವರ ಮುಂದೆ ಹೇಳುತ್ತಾರೆ. ಆ ಮಾತು ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಹೋದ ತಿಂಗಳು ಕೊಯಮತ್ತೂರಿಗೆ ಬಂದಾಗ ಅಕ್ಕ ಮೊದಲ ಸಲ ನನ್ನ ಲ್ಯಾಬು ನೋಡಬೇಕೆಂದಳು. ಗಾಜಿನ ಕೊಳವೆಗಳ ಸಾಲಿನ ಮುಂದೆ ಬಗ್ಗಿ ಬಹಳ ಹೊತ್ತು ನೋಡಿದಳು.

"ಇವು ಮಲಗಿದಾವಾ?"

"ಹೌದು. ಅಲ್ಲಾಡದೇ ಇರೋವೆಲ್ಲ ಮಲಗಿರೋವು."

"ಎಬ್ಬಿಸ್ತೀಯಾ?"

"ಕೆಲವು ಸಲ. ಪ್ರಯೋಗಕ್ಕೆ."

"ಹೇಗೆ?"

"ಪೆಟ್ಟಿಗೆ ಅಲ್ಲಾಡಿಸ್ತೀವಿ."

ಅಕ್ಕ ನೆಟ್ಟಗೆ ನಿಂತು ನನ್ನ ಮುಖ ನೋಡಿದಳು. "ನೀವೂ ಅಷ್ಟೇನಾ" ಎಂದಳು. ನಗಲಿಲ್ಲ. ಆಮೇಲೆ ಕ್ಯಾಂಟೀನಿಗೆ ಹೋಗಿ ಕಾಫಿ ಕುಡಿದೆವು. ಮಗಳಿಗೆ ಏನಾದರೂ ತೆಗೆದುಕೊಳ್ಳಬೇಕು ಎಂದಳು, ಇಬ್ಬರೂ ಬಟ್ಟೆ ಅಂಗಡಿಗಳ ಕ್ರಾಸ್‌ಕಟ್ ರೋಡಿಗೆ ಹೋದೆವು.